ಕೇಳುವ ಬ್ಯಾಂಕು, ಕೇಳದ ಬ್ಯಾಂಕು

ನಮ್ಮೂರಿನಲ್ಲಿ ಯಾರಿಗಾದರೂ ಬಿಕ್ಕಳಿಕೆ ಬಂದರೆ ಅವರ ಮುಖ ನೋಡಬಾರದು. ಒಂದು ಲೋಟ ನೀರು ಕೊಟ್ಟು, ಬೇರೆ ಕಡೆ ತಿರುಗಿಕೊಂಡು, “ಯಾರೋ ನೆನೆಸ್ಕೊಂಡ್ರು ಅಂತ ಕಾಣುತ್ತೆ” ಅನ್ನಬೇಕು. ಹಾಗಂದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿದವರಿಗೆ ಬಿಕ್ಕಳಿಕೆ ಬರುತ್ತದೆ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತಿರುವ ಊರಿನಲ್ಲಿ, ಹೇಳಿದ್ದು ಸುಳ್ಳು ಎಂದು ಮತ್ತೆ ಬಾಯಿಬಿಟ್ಟು ಆಡಿ ತೋರಿಸುವುದು ದೊಡ್ಡವರ ಲಕ್ಷಣವಲ್ಲ. “ಯಾರೋ ನೆನೆಸ್ಕೊಂಡ್ರು” ಎಂಬ ಆ ಒಂದು ಸುಳ್ಳಿಗೆ ಮಾತ್ರ ನಮಗೆ ಬಿಕ್ಕಳಿಕೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಅಷ್ಟಾದರೂ ರಿಯಾಯಿತಿ ಬೇಡವೇ ಮನುಷ್ಯರಿಗೆ?

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹೊರಗಿನವರು ಗಾದೆ ಕಟ್ಟಿಕೊಂಡಿದ್ದಾರೆ. ನಮ್ಮೂರಿಗೆ ಬರುವ ಮದುವೆ ದಲ್ಲಾಳಿಗಳು ಹೊಳೆಯ ಸೇತುವೆ ದಾಟುವ ತನಕ ಬಾಯಿತುಂಬ ಮಾತಾಡಿಕೊಂಡು ಬಂದು, ದಾಟಿದ ಮೇಲೆ ಹುಡುಗನ ಫೋಟೋ ಕೈಗೆ ಕೊಟ್ಟು ತೆಪ್ಪಗೆ ಕೂತುಬಿಡುತ್ತಾರೆ. ಸೇತುವೆಯಿಂದೀಚೆ ನಿಂತು ಸುಳ್ಳಾಡಿದವರು ಯಾವ ಊರಿನವರೇ ಆಗಿರಲಿ, ಬಿಕ್ಕಳಿಕೆ ಬಿಡುವುದಿಲ್ಲ. ತರಕಾರಿ ಮಾರುವವಳು ತಾನಾಗಿಯೇ “ಈ ಬದನೆಕಾಯಿ ನೆನ್ನೇದು, ಬೇಡ ಬಿಡಿ” ಅನ್ನುತ್ತಾಳೆ. ಹಾಗಂತ ನಾವೇನೂ ಸಂತರಲ್ಲ. ಸುಳ್ಳಿಗೆ ಬಿಕ್ಕಳಿಕೆ ಉಂಟು, ಬಾಯಿ ಮುಚ್ಚಿಕೊಂಡಿರುವುದಕ್ಕೆ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬುದನ್ನು ನಮ್ಮಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಾರರು. ಇನ್ನು ನಮ್ಮೂರಿನ ಅತಿ ಕೆಟ್ಟ ಬೈಗುಳ ಯಾವುದು ಎಂದರೆ, “ನಿಜ ಹೇಳ್ತಿದ್ದೀಯಾ?” ಎಂದು ಕೇಳುವುದು. ನನ್ನ ತಾತನ ಕಾಲದಲ್ಲಿ ಹೀಗೆ ಕೇಳಿದ ಒಬ್ಬ ಅಳಿಯನನ್ನು ಉಣ್ಣುತ್ತಿದ್ದ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ್ದರಂತೆ.

ನನ್ನ ಹೆಸರು ಪಂಚಾಕ್ಷರಿ. ಬಸ್ ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಮೊಬೈಲನ್ನೂ ಬಿಚ್ಚಲು ಕಲಿತೆ. ಈ ಅಂಗಡಿ ಹಾಕಿಕೊಟ್ಟವರು ನನ್ನ ಅತ್ತಿಗೆ, ಸರ್ವಮಂಗಳಮ್ಮ. ಅಣ್ಣ ತೀರಿಕೊಂಡಾಗ ಅತ್ತಿಗೆಗೆ ಮೂವತ್ತೂ ತುಂಬಿರಲಿಲ್ಲ. ನಾನು ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಜಗಲಿಯ ಮೇಲೆ ಬಿದ್ದುಕೊಂಡಿದ್ದೆ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಮದುವೆ, ನಾಮಕರಣ, ತಿಥಿ ಎನ್ನದೆ ಊರವರ ಮನೆಗಳಲ್ಲಿ ಅಡುಗೆಗೆ ಹೋದರು. ಆ ಸೌಟಿನ ದುಡಿಮೆಯಲ್ಲೇ ನನ್ನನ್ನು ಸೇತುವೆಯಾಚೆಯ ಊರಿಗೆ ಕಳಿಸಿ ಗಡಿಯಾರದ ಕೆಲಸ ಕಲಿಸಿದರು. ಅತ್ತಿಗೆಯನ್ನು ತಾಯಿಯಂತೆ ಎಂದು ಹೇಳುವುದು ಸುಲಭ. ನಾನು ಆ ಮಾತನ್ನು ಈಚೆಗೆ ಆಡುವುದಿಲ್ಲ, ಬಿಕ್ಕಳಿಕೆ ಬಂದೀತೆಂಬ ಹೆದರಿಕೆ.

ಮೂವತ್ತು ವರ್ಷ ಅನ್ಯರ ಒಲೆಯ ಮುಂದೆ ನಿಂತವರಿಗೆ ಇದ್ದದ್ದು ಒಂದೇ ಆಸೆ. “ಒಂದು ನಮ್ದೂ ಅಂತ ಒಲೆ ಇರ್ಬೇಕು ಕಣಪ್ಪ. ಉಪ್ಪು ಹೆಚ್ಚಾಯ್ತು ಅಂತ ಹೇಳೋರೂ ನಂಗೇ ಹೇಳ್ಬೇಕು, ಆ ಮನೆಯವರಿಗಲ್ಲ” ಅನ್ನುತ್ತಿದ್ದರು. ನನ್ನ ಅಂಗಡಿಯಿಂದ ನಾಲ್ಕನೇ ಬಾಗಿಲು ಗುರುಬಸಪ್ಪನವರದು. ಅದರ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಅತ್ತಿಗೆ ಬೆಳಗಿನ ಹೊತ್ತು ಇಡ್ಲಿ ಹಾಕುತ್ತಿದ್ದರು. ಗುರುಬಸಪ್ಪನವರಿಗೆ ವಯಸ್ಸಾಗಿತ್ತು. ಇಡೀ ಕಟ್ಟಡವನ್ನೇ ಅತ್ತಿಗೆಗೆ ಮಾರಿಬಿಡುವುದಾಗಿ ಹೇಳಿದರು. ಅವತ್ತು ಅತ್ತಿಗೆ ಆ ಖಾಲಿ ಕೋಣೆಯಲ್ಲಿ ನಿಂತು, ಇಲ್ಲಿ ಒಲೆ, ಇಲ್ಲಿ ರುಬ್ಬುವ ಕಲ್ಲು, ಇಲ್ಲಿ ಕೈತೊಳೆಯುವ ಜಾಗ ಎಂದು ಕಾಲಿನಿಂದಲೇ ನೆಲದ ಮೇಲೆ ಗೆರೆ ಎಳೆದು ತೋರಿಸಿದ್ದರು.

ಅಷ್ಟರಲ್ಲಿ ಊರಿನಲ್ಲಿದ್ದ ಒಂದೇ ಒಂದು ಬ್ಯಾಂಕಿನ ಶಾಖೆಯನ್ನು ಮುಚ್ಚುತ್ತೇವೆ ಎಂದು ನೋಟೀಸು ಅಂಟಿಸಿದರು. ಇನ್ನು ಮೇಲೆ ಎಲ್ಲವೂ ಮೊಬೈಲಿನಲ್ಲೇ. ಕಟ್ಟಡವಿಲ್ಲದ, ಕೌಂಟರಿಲ್ಲದ, ಬಾಗಿಲಲ್ಲಿ ಕಾವಲುಗಾರನಿಲ್ಲದ ಬ್ಯಾಂಕೊಂದನ್ನು ಊರು ಆರಿಸಿಕೊಳ್ಳಬೇಕಾಗಿತ್ತು. ಮೊಬೈಲು ಬಿಚ್ಚುವವನಿಗೆ ಮೊಬೈಲಿನೊಳಗಿನ ಬ್ಯಾಂಕೂ ಗೊತ್ತಿರುತ್ತದೆ ಎಂದು ಜನ ಅಂದುಕೊಂಡರು. “ಪಂಚಾಕ್ಷರೀನೇ ನೋಡಿ ಹೇಳ್ಲಿ” ಎಂದು ಆ ಹೊರೆಯನ್ನು ನನ್ನ ತಲೆಗೆ ಕಟ್ಟಿದರು. ಕಟ್ಟಿದರು ಎನ್ನುವುದು ಪೂರ್ತಿ ಸರಿಯಲ್ಲ, ನಾನೇ ತಲೆಯೊಡ್ಡಿದೆ. ಊರಿಗೆ ಊರೇ ಒಬ್ಬ ಡುಮ್ಕಿ ಹೊಡೆದವನ ಮಾತಿಗೆ ಕಾಯುತ್ತದೆ ಎಂದರೆ ಸಾಮಾನ್ಯವೇ?

ಕೊನೆಗೆ ಉಳಿದದ್ದು ಎರಡು ಬ್ಯಾಂಕು. ಎರಡರಲ್ಲೂ ಖಾತೆ ತೆರೆದು ಒಂದು ತಿಂಗಳು ನೋಡಿದೆ. ಮೊದಲನೆಯದರಲ್ಲಿ ಹೊಸಬರಿಗೆ ದುಡ್ಡು ಕಳಿಸಿದರೆ ಅದು ಕೂಡಲೇ ಹೋಗುತ್ತಿರಲಿಲ್ಲ. ಒಂದು ದಿನ ತಡೆದಿಟ್ಟುಕೊಂಡು, ಬ್ಯಾಂಕಿನವರೇ ಫೋನು ಮಾಡುತ್ತಿದ್ದರು. ಹೋಲ್‌ಸೇಲ್ ಅಂಗಡಿಯೊಂದಕ್ಕೆ ನಾನು ಗಡಿಯಾರದ ಬ್ಯಾಟರಿ ದುಡ್ಡು ಕಳಿಸಿದಾಗಲೂ ಒಬ್ಬಾಕೆ ಫೋನು ಮಾಡಿದಳು. “ಸರ್, ಈ ಹಣ ಕಳಿಸೋಕೆ ನಿಮಗೆ ಯಾರಾದರೂ ಹೇಳಿದ್ರಾ? ನಮ್ಮ ಹತ್ತಿರ ಬೇರೆ ಕಾರಣ ಕೊಡಿ ಅಂತ ಏನಾದ್ರೂ ಹೇಳಿಕೊಟ್ಟಿದ್ದಾರಾ?” ಎಂದಳು. ಇಲ್ಲ ಎಂದೆ. ಆಮೇಲೆ ಅವಳು ಕೇಳಿದಳು, “ನೀವು ನಿಜ ಹೇಳ್ತಿದ್ದೀರಾ ಸರ್?”

ನನಗೆ ಮೈಯೆಲ್ಲ ಉರಿದುಹೋಯಿತು. ಐವತ್ತೆರಡು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಫೋನನ್ನು ಮೇಜಿನ ಮೇಲೆ ಕುಕ್ಕಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಎರಡನೆಯ ಬ್ಯಾಂಕು ಹಾಗಲ್ಲ. ಗುಂಡಿ ಒತ್ತಿದರೆ ದುಡ್ಡು ಹೋಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ. ಹೋದ ಮೇಲೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಒಂದು ಸಾಲು ಬರುತ್ತಿತ್ತು: “ನಿಮ್ಮ ಮಾತೇ ನಮಗೆ ಸಾಕು.” ಆ ಸಾಲನ್ನು ಓದಿದಾಗ, ನಮ್ಮೂರಿನ ಗುಣ ಬಲ್ಲವರು ಯಾರೋ ಕೂತು ಬರೆದಿದ್ದಾರೆ ಅನ್ನಿಸಿತು. ಎದೆ ತಣ್ಣಗಾಯಿತು.

ಈಗ ಹೇಳಬೇಕಾದ ಮಾತು ಹೇಳಿಬಿಡುತ್ತೇನೆ. ಎರಡೂ ಬ್ಯಾಂಕಿನ ಕರಾರುಗಳನ್ನು ನಾನು ಓದಿದ್ದೆ. ಅವು ಇರುವೆ ಸಾಲಿನಂಥ ಅಕ್ಷರದಲ್ಲಿದ್ದವು. ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದೇ ಸಾಲು ಓದಿದೆ. ಮೊದಲನೆಯ ಬ್ಯಾಂಕು, ಮೋಸಗಾರರು ನಿಮ್ಮನ್ನು ನಂಬಿಸಿ ದುಡ್ಡು ಕಳಿಸಿಕೊಂಡರೆ ವಿಚಾರಣೆ ಮಾಡಿ ಅದನ್ನು ನಾವೇ ತುಂಬಿಕೊಡುತ್ತೇವೆ ಎಂದಿತ್ತು. ಎರಡನೆಯದು, ಗ್ರಾಹಕರು ತಾವಾಗಿಯೇ ಗುಂಡಿ ಒತ್ತಿ ಕಳಿಸಿದ ಹಣಕ್ಕೆ ನಾವು ಹೊಣೆಯಲ್ಲ ಎಂದಿತ್ತು. ಎರಡು ಸಲ ಓದಿದೆ. ಅರ್ಥವಾಗದೆ ಎರಡು ಸಲ ಓದಿದ್ದಲ್ಲ.

ಶಾಲೆಯ ಹಜಾರದಲ್ಲಿ ಸಭೆ ಸೇರಿತು. ಮೊದಲನೆಯ ಬ್ಯಾಂಕು ಏನು ಕೇಳುತ್ತದೆ ಎಂದು ನಾನು ಹೇಳಿದ ಕೂಡಲೇ ಜನ ಕಿವಿ ಮುಚ್ಚಿಕೊಂಡರು. “ಥೂ, ಹೆಂಗಸರು ಮಕ್ಕಳು ಇರೋ ಮನೆಗೆ ಫೋನ್ ಮಾಡಿ ಹಿಂಗಾ ಕೇಳೋದು?” ಎಂದರು ಒಬ್ಬರು. ಜುಬೇದಾ ಟೀಚರ್ ಒಬ್ಬರೇ ಎದ್ದು ನಿಂತರು. ಅವರು ನಮ್ಮೂರಿನವರೇ, ಆದರೆ ಹನ್ನೊಂದು ವರ್ಷ ಸೇತುವೆಯಾಚೆಯ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತಿಗೆ ಮುಂಚೆ ವಾಪಸ್ಸು ಬಂದವರು.

“ನೋಡಿ, ಸೇತುವೆ ಆಚೆ ಇರೋರಿಗೆ ಬಿಕ್ಕಳಿಕೆ ಬರಲ್ಲ. ನಾನು ಕಣ್ಣಾರೆ ನೋಡಿದೀನಿ. ನಗ್ತಾ ನಗ್ತಾ ಸುಳ್ಳು ಹೇಳ್ತಾರೆ, ಗಂಟಲು ಕೂಡ ಕೊಂಕಲ್ಲ. ಅಂಥವರು ನಾಳೆ ನಮ್ಮ ಫೋನಿಗೆ ಬರ್ತಾರೆ. ನಮಗೆ ಅನುಮಾನಪಡೋ ಅಭ್ಯಾಸಾನೇ ಇಲ್ಲ. ನಮ್ಮ ಬದಲು ಅನುಮಾನಪಡೋ ಬ್ಯಾಂಕೇ ನಮಗೆ ಬೇಕು” ಎಂದರು.

“ಟೀಚರಮ್ಮ, ನಮ್ ದುಡ್ಡು ನಾವು ಕಳ್ಸೋಕೆ ಅವಳ್ಯಾರೋ ಕೈಲಿ ಅನ್ನಿಸ್ಕೋಬೇಕಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು.

ಟೀಚರ್ ನಗಲಿಲ್ಲ. ನನ್ನ ಕಡೆ ತಿರುಗಿ, “ಪಂಚಾಕ್ಷರಿಯವರೇ, ಇವೆರಡಕ್ಕೂ ಬೇರೆ ಏನಾದ್ರೂ ವ್ಯತ್ಯಾಸ ಇದೆಯಾ? ನೀವೇ ನೋಡಿರೋದಲ್ವಾ?” ಎಂದರು.

ನನ್ನ ಮುಂದೆ ನೀರಿನ ಲೋಟ ಇತ್ತು. ಅದನ್ನು ಎತ್ತಿಕೊಂಡೆ. ನೀರು ಕುಡಿಯುತ್ತಿರುವವರನ್ನು ನಮ್ಮೂರಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ನಾನು ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿದೆ. ಅಷ್ಟರಲ್ಲಿ ಇನ್ನೊಬ್ಬರು ಎದ್ದು, “ನಿಮ್ಮ ಮಾತೇ ನಮಗೆ ಸಾಕು ಅಂತಾರಲ್ಲ, ಅದೇ ಇರ್ಲಿ” ಎಂದರು, ಚಪ್ಪಾಳೆ ಬಿತ್ತು. ಟೀಚರ್ ಕೂತರು. ಕೊನೆಯ ಸಾಲಿನಲ್ಲಿ ಅತ್ತಿಗೆ ನನ್ನನ್ನೇ ನೋಡುತ್ತಾ ಚಪ್ಪಾಳೆ ತಟ್ಟುತ್ತಿದ್ದರು. ಡುಮ್ಕಿ ಹೊಡೆದ ಮೈದುನನ ಮಾತಿಗೆ ಊರೇ ತಲೆದೂಗುತ್ತಿದೆ ಎಂಬ ಸಂತೋಷ ಅವರ ಮುಖದಲ್ಲಿತ್ತು. ಆ ಕರಾರಿನ ಸಾಲನ್ನು ನಾನು ಅವತ್ತು ಹೇಳಿದ್ದಿದ್ದರೆ ಸಭೆ ತಿರುಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಹೇಳಲಿಲ್ಲ ಎನ್ನುವುದು ಗೊತ್ತು. ನನ್ನನ್ನು ಯಾರೋ ಅಂದರು ಎಂಬ ಸಿಟ್ಟಿಗೆ ಊರಿನ ದುಡ್ಡನ್ನೆಲ್ಲ ತೆಗೆದುಕೊಂಡು ಹೋಗಿ ಇನ್ನೊಂದು ಕಡೆ ಸುರಿದೆ. ನಮ್ಮವರು ಅವೆರಡಕ್ಕೂ ಹೆಸರಿಟ್ಟಿದ್ದರು, ಕೇಳುವ ಬ್ಯಾಂಕು, ಕೇಳದ ಬ್ಯಾಂಕು. ಅತ್ತಿಗೆಯ ಖಾತೆಯನ್ನು ಕೇಳದ ಬ್ಯಾಂಕಿನಲ್ಲಿ ನಾನೇ ಮುಂದೆ ನಿಂತು ತೆರೆದುಕೊಟ್ಟೆ.

ಕಟ್ಟಡದ ರಿಜಿಸ್ಟ್ರೇಶನ್ ಶುಕ್ರವಾರಕ್ಕೆ ನಿಗದಿಯಾಗಿತ್ತು, ಅದಕ್ಕೆಂದು ಅತ್ತಿಗೆ ಕೂಡಿಟ್ಟಿದ್ದ ಅಷ್ಟೂ ದುಡ್ಡು ಆ ಖಾತೆಯಲ್ಲಿತ್ತು. ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಅತ್ತಿಗೆ ನನ್ನ ಅಂಗಡಿಗೆ ಬಂದರು. ಒಂದು ಕೈಯಲ್ಲಿ ಹಿಟ್ಟು ಹಾಗೇ ಮೆತ್ತಿಕೊಂಡಿತ್ತು. ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಹಿಡಿದಿದ್ದರು. ಬಾಯಿಯ ಕಡೆಯನ್ನು ಸೆರಗಿನಿಂದ ಮುಚ್ಚಿ ಪಿಸುಗುಟ್ಟಿದರು. “ಬ್ಯಾಂಕಿನವಳಂತೆ ಕಣಪ್ಪ. ನನ್ ಖಾತೆಗೆ ಕಳ್ರು ಬಿದ್ದವ್ರಂತೆ. ಇನ್ನು ಅರ್ಧ ಗಂಟೇಲಿ ಎಲ್ಲಾ ಖಾಲಿ ಆಗ್ಬುಡುತ್ತಂತೆ. ನನ್ ಹೆಸರಲ್ಲೇ ಬೇರೆ ಭದ್ರವಾದ ಖಾತೆ ಮಾಡಿದಾರಂತೆ, ಅದಕ್ಕೆ ಹಾಕ್ಬುಡಿ ಅಂತಾವ್ಳೆ. ಮುಕ್ಕಾಲು ಗಂಟೆ ಆಯ್ತು ಮಾತಾಡಕ್ಕೆ ಹಿಡಿದು. ಒಂದ್ ಸಲಾನೂ ಬಿಕ್ಕಳ್ಸಿಲ್ಲ.”

ನಾನು ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಟ್ಟುಕೊಂಡಿದ್ದೆ. ಭೂತಗನ್ನಡಿ ಕಣ್ಣಲ್ಲೇ ಇತ್ತು. ಫೋನು ಇಸಿದುಕೊಂಡು ಕಿವಿಗಿಟ್ಟುಕೊಂಡೆ. ನನ್ನ ಕಿವಿಯ ಬಗ್ಗೆ ನನಗೆ ಹೆಮ್ಮೆ ಇತ್ತು. ಗಡಿಯಾರದ ಹಲ್ಲು ಒಂದು ಕೂದಲಿನಷ್ಟು ಸವೆದಿದ್ದರೂ ಆ ಟಿಕ್ಕಿನಲ್ಲಿ ನನಗೆ ತಿಳಿಯುತ್ತದೆ. ಆ ಹುಡುಗಿಯ ದನಿ ಎಣ್ಣೆ ಹಾಕಿದಂತೆ ಸಲೀಸಾಗಿ ಸಾಗುತ್ತಿತ್ತು. “ಅಮ್ಮ, ಹೆದರಬೇಡಿ, ನಾನಿದ್ದೀನಿ. ನಿಮ್ಮ ಮನೆ ಮಗಳು ಅಂದುಕೊಳ್ಳಿ” ಎನ್ನುತ್ತಿದ್ದಳು. ನನಗೆ ಒಳಗೊಳಗೇ ಏನೋ ಸರಿಯಿಲ್ಲ ಅನ್ನಿಸಿತು. ಇಷ್ಟು ಹೊತ್ತು ಮಾತಾಡುವ ಪುರುಸೊತ್ತು ಬ್ಯಾಂಕಿನವರಿಗೆ ಎಲ್ಲಿಂದ ಬಂತು? ಕೇಳದ ಬ್ಯಾಂಕು ಇವತ್ತು ಯಾಕೆ ಫೋನು ಮಾಡಿತು? “ನಿಜ ಹೇಳ್ತಿದ್ದೀಯೇನಮ್ಮ?” ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಮನೆ ಮಗಳು ಅಂದುಕೊಳ್ಳಿ ಎನ್ನುತ್ತಿರುವ ಹೆಣ್ಣುಮಗಳಿಗೆ ಆ ಮಾತು ಆಡುವುದು ಹೇಗೆ? ಅತ್ತಿಗೆ ಎದುರಿಗೇ ನಿಂತಿದ್ದರು. ನುಂಗಿಕೊಂಡೆ.

“ಏನಂತೀಯಪ್ಪ?” ಎಂದರು ಅತ್ತಿಗೆ. “ಒತ್ಲಾ?”

ನಾನು ಬಾಯಿಬಿಟ್ಟು “ಸರಿಯಾಗೇ ಇದೆ” ಎಂದಿದ್ದರೆ ಸಾಕಿತ್ತು, ಆ ಅನುಮಾನ ಇದ್ದದ್ದರಿಂದ ನನಗೇ ಬಿಕ್ಕಳಿಕೆ ಬರುತ್ತಿತ್ತು. ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದರು, ಕೈ ಹಿಂದಕ್ಕೆ ತೆಗೆಯುತ್ತಿದ್ದರು. ನಾನು ಬಾಯಿ ಬಿಡಲಿಲ್ಲ. ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ತಲೆಯನ್ನು ಹೌದೆನ್ನುವಂತೆ ಆಡಿಸಿದೆ, ಅಷ್ಟೇ. ಅತ್ತಿಗೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ದೇವರಿಗೆ ಹೂವೇರಿಸುವಾಗಿನಷ್ಟು ಜೋಪಾನವಾಗಿ ಗುಂಡಿ ಒತ್ತಿದರು. ಪರದೆಯ ಮೇಲೆ ಹಸಿರು ಅಕ್ಷರ ಬಂತು. ಅತ್ತಿಗೆ ಅದನ್ನು ಕೂಡಿಸಿಕೊಂಡು ಓದಿದರು, “ನಿಮ್ಮ, ಮಾತೇ, ನಮಗೆ, ಸಾಕು.” ಆಮೇಲೆ ಫೋನಿಗೆ, “ಬಾಳ ಉಪಕಾರ ಆಯ್ತು ಕಣಮ್ಮ. ಗಂಟ್ಲು ಒಣಗಿರ್ಬೇಕು, ಒಂಚೂರು ನೀರು ಕುಡಿ” ಎಂದರು. ಆ ಕಡೆ ಫೋನು ಇಟ್ಟಾಗಿತ್ತು.

ತಿಳಿಯಲು ಸಂಜೆಯ ತನಕವೂ ಬೇಕಾಗಲಿಲ್ಲ. ಆ ಭದ್ರವಾದ ಖಾತೆ ಎಲ್ಲಿದೆ ತೋರಿಸು ಎಂದು ಅತ್ತಿಗೆ ಊಟದ ಹೊತ್ತಿಗೆ ಬಂದಾಗ ನಾನು ಹುಡುಕಿದೆ. ಎಲ್ಲೂ ಇರಲಿಲ್ಲ. ಕೇಳದ ಬ್ಯಾಂಕಿಗೆ ಫೋನು ಮಾಡಿದೆ. ತುಂಬ ಮರ್ಯಾದೆಯಿಂದ ಮಾತಾಡಿದರು. “ನಮಗೆ ಬಹಳ ಬೇಸರವಾಗುತ್ತಿದೆ ಸರ್, ಆದರೆ ಹಣ ಕಳಿಸಿದ್ದು ಗ್ರಾಹಕರೇ” ಎಂದರು. ಅವರಿಗೆ ಬೇಸರವಾಗಿತ್ತೋ ಇಲ್ಲವೋ ಹೇಳಲು ನನಗೆ ಯಾವ ದಾರಿಯೂ ಇರಲಿಲ್ಲ. ಸೇತುವೆಯಾಚೆ ಹೋಗಿ ಪೊಲೀಸರಿಗೆ ದೂರು ಬರೆದುಕೊಟ್ಟು ಬಂದೆವು. ದುಡ್ಡು ಅಷ್ಟರಲ್ಲಿ ಹತ್ತು ಕೈ ದಾಟಿಯಾಗಿತ್ತು.

ಮರುದಿನ ಜುಬೇದಾ ಟೀಚರ್ ಅಂಗಡಿಗೆ ಬಂದರು. ನಾನು ಹೇಳಿರಲಿಲ್ಲವೇ ಎಂದು ಅವರು ಅನ್ನಬಹುದಿತ್ತು, ಅನ್ನಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟು ನಿಂತುಕೊಂಡರು. ಆಮೇಲೆ ನನ್ನನ್ನು ಕೇಳಿದರು, “ದುಡ್ಡು ವಾಪಸ್ ಕೊಡಲ್ಲ ಅನ್ನೋದು ಆ ಕರಾರಿನಲ್ಲಿ ಮೊದಲೇ ಇತ್ತಾ?”

“ಇತ್ತು” ಎಂದೆ.

“ಇನ್ನೊಂದು ಬ್ಯಾಂಕು?”

“ಅವ್ರು ಕೊಡ್ತಿದ್ರು.”

“ನಿಮಗೆ ಗೊತ್ತಿತ್ತಾ?”

ಮೇಜಿನ ಮೇಲೆ ನೀರಿನ ಲೋಟ ಇತ್ತು. ಎತ್ತಿಕೊಳ್ಳಲು ಕೈ ಬರಲಿಲ್ಲ. “ಗೊತ್ತಿತ್ತು” ಎಂದೆ. “ಸಭೆ ದಿನಾನೇ ಗೊತ್ತಿತ್ತು.”

ಅತ್ತಿಗೆ ತಲೆಯೆತ್ತಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖವನ್ನು, ಬದನೆಕಾಯಿಯಲ್ಲಿ ಹುಳುಕು ಇದೆಯೇ ಎಂದು ತಿರುಗಿಸಿ ನೋಡುವಂತೆ, ಒಂದು ಗಳಿಗೆ ನೋಡಿದರು. ನಲವತ್ತು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. “ಹಿಟ್ಟು ಹುಳಿ ಬಂದೀತು, ಬತ್ತೀನಿ ಟೀಚರಮ್ಮ” ಎಂದು ಎದ್ದು ಹೋದರು. ನನಗೆ ಬರುತ್ತೇನೆ ಎಂದು ಹೇಳಲಿಲ್ಲ.

ಗುರುಬಸಪ್ಪನವರು ತಿಂಗಳ ಕೊನೆಯ ತನಕ ಕಾದರು. ಅವರಿಗೂ ಆಸ್ಪತ್ರೆ ಖರ್ಚಿತ್ತು. ಕಣ್ಣಲ್ಲಿ ನೀರು ಹಾಕಿಕೊಂಡೇ ಕಟ್ಟಡವನ್ನು ಬೇರೆಯವರಿಗೆ ಬರೆದುಕೊಟ್ಟರು. ಅಲ್ಲೀಗ ಚಪ್ಪಲಿ ಅಂಗಡಿ ಆಗಿದೆ. ಅತ್ತಿಗೆ ಒಲೆ ಎಂದು ಗೆರೆ ಎಳೆದಿದ್ದ ಜಾಗದಲ್ಲಿ ಕನ್ನಡಿ ನಿಲ್ಲಿಸಿದ್ದಾರೆ. ನನ್ನ ಅಂಗಡಿ ಮಾರಿ ಕೊಡುತ್ತೇನೆ ಎಂದು ಹೋದೆ. ಅತ್ತಿಗೆ ಸೊಪ್ಪು ಬಿಡಿಸುತ್ತಾ, “ನಾನೇ ಹಾಕ್ಕೊಟ್ಟಿದ್ದಲ್ಲೇನಪ್ಪ ಅದು? ನನ್ ಕೈಯಾರೆ ಮುಚ್ಲಾ?” ಎಂದರು. ಇಡ್ಲಿ ಮೂಲೆಯೂ ಹೋದದ್ದರಿಂದ ಈಗ ಮತ್ತೆ ಊರವರ ಮನೆ ಅಡುಗೆಗೆ ಹೋಗುತ್ತಾರೆ. ಐವತ್ತೆಂಟು ದಾಟಿದ ಮೇಲೆ ಆ ದೊಡ್ಡ ತಪ್ಪಲೆಗಳನ್ನು ಇಳಿಸಲು ಕೈ ನಡುಗುತ್ತದೆ. ಒಬ್ಬರನ್ನು ಜೊತೆಗೆ ಕರೆದುಕೊಳ್ಳುತ್ತಾರೆ, ಸಂಬಳದಲ್ಲಿ ಅವರಿಗೂ ಪಾಲು ಹೋಗುತ್ತದೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ, ಈಗ ಊರೆಲ್ಲ ಕೇಳುವ ಬ್ಯಾಂಕಿಗೆ ಸೇರಿದೆ. ಈ ಸಲ ಜುಬೇದಾ ಟೀಚರೇ ಕರಾರನ್ನು ಗಟ್ಟಿಯಾಗಿ, ಒಂದು ಸಾಲೂ ಬಿಡದೆ, ಸಭೆಯಲ್ಲಿ ಓದಿದರು. ಮುಗಿಯಲು ಎರಡು ಗಂಟೆ ಹಿಡಿಯಿತು, ಯಾರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ನಡೆದರೆ ಮನೆಮನೆಯಿಂದ “ಹೂಂ ಕಣಮ್ಮ, ನಿಜಾನೇ ಹೇಳ್ತಿರೋದು, ನನ್ ತಂಗಿ ಮಗಳ ಫೀಸಿಗೆ” ಎಂದು ಕೇಳಿಸುತ್ತದೆ. ಮೊದಮೊದಲು ಹಾಗೆ ಉತ್ತರ ಕೊಟ್ಟು ಹೆಂಗಸರು ಅತ್ತದ್ದೂ ಉಂಟು. ಈಗ ಅಭ್ಯಾಸವಾಗಿದೆ. ಕಳೆದ ತಿಂಗಳು ಸಾಬೂನು ವ್ಯಾಪಾರಿಯೊಬ್ಬರ ದುಡ್ಡನ್ನು ಆ ಬ್ಯಾಂಕು ತಡೆದು ಉಳಿಸಿತು. ಊರೇ ಸಂತೋಷಪಟ್ಟಿತು. ನಾನೂ ಪಟ್ಟೆ, ಆಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಸುಮ್ಮನೆ ಕೂತೆ. ಮೊನ್ನೆ ಸಂತೆಯಲ್ಲಿ ಒಬ್ಬ ಗಂಡಸು ತರಕಾರಿಯವಳನ್ನು, “ಇವತ್ತಿನದೇನಾ? ನಿಜ ಹೇಳ್ತಿದ್ದೀಯಾ?” ಎಂದು ಕೇಳಿದ್ದು ಕಿವಿಗೆ ಬಿತ್ತು. ಅವಳು ಮುಖ ಕೆಳಗೆ ಹಾಕಿ, “ನಿಜ ಕಣಣ್ಣ” ಎಂದಳು. ಯಾರೂ ಅವನನ್ನು ಗದರಲಿಲ್ಲ. ಅದನ್ನು ಈ ಊರಿಗೆ ಕಲಿಸಿದವನೂ ನಾನೇ.

ಅಂಗಡಿ ಮಾರುವ ಮಾತಾಡಿ ಬಂದ ಮೇಲೆ ತಿಂಗಳೆರಡು ತಿಂಗಳು ಅತ್ತಿಗೆಯ ಮನೆಯ ಕಡೆ ಹೋಗಲು ನನಗೆ ಮುಖವಿರಲಿಲ್ಲ. ಒಂದು ಸೋಮವಾರ, ಹೇಗೂ ಅಂಗಡಿ ರಜೆ, ಧೈರ್ಯ ಮಾಡಿ ಹೋದೆ. ಅತ್ತಿಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಎದುರಿಗೆ ನೆಲದ ಮೇಲೆ ಕೂತೆ. ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು, “ಅತ್ತಿಗೆ, ನಾನು ಅವತ್ತು ಹೇಳ್ಬೇಕಾಗಿತ್ತು” ಎಂಬುದೊಂದೇ.

“ಹೂಂ, ಹೇಳ್ಬೇಕಾಗಿತ್ತು” ಎಂದರು ಅತ್ತಿಗೆ. ಮೊರದಲ್ಲಿ ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದರು. ಆಮೇಲೆ ತಲೆಯೆತ್ತದೆ, “ಹೋಗ್ಲಿ ಬಿಡು. ಮಿಂಚಿದ್ದಕ್ಕೆ ಚಿಂತೆ ಮಾಡಿ ಏನು ಬಂತು? ನಿನ್ ಮೇಲೆ ನಂಗೇನೂ ಬೇಜಾರಿಲ್ಲ ಕಣಪ್ಪ” ಎಂದರು.

ಹಾಗಂದ ಕೂಡಲೇ ಅವರಿಗೆ ಬಿಕ್ಕಳಿಕೆ ಬಂತು.

ಒಂದಲ್ಲ, ಒಂದರ ಹಿಂದೆ ಒಂದು, ಮೊರದ ಅಕ್ಕಿ ಕುಲುಕುವಷ್ಟು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಎದ್ದು ಹೋಗಿ ಬಿಂದಿಗೆಯಿಂದ ಒಂದು ಲೋಟ ನೀರು ತಂದೆ. ಮುಖ ನೋಡದೆ ಅವರ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ, “ಯಾರೋ ನೆನೆಸ್ಕೊಂಡ್ರು ಅಂತ ಕಾಣುತ್ತೆ” ಎಂದೆ. ನನಗೆ ಅಳು ಬಂತು. ಈ ಊರಿನಲ್ಲಿ ಹುಟ್ಟಬಾರದಾಗಿತ್ತು ಅನ್ನಿಸಿತು. ಬೇರೆ ಊರಿನಲ್ಲಾಗಿದ್ದರೆ ಆ ಮಾತನ್ನು ನಂಬಿಕೊಂಡು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ.

ಅವತ್ತಿನಿಂದ ಪ್ರತಿ ಸೋಮವಾರ ಹೋಗುತ್ತೇನೆ. ನೀರು ಸೇದಿ ತುಂಬುತ್ತೇನೆ, ತಪ್ಪಲೆ ಉಜ್ಜಿಕೊಡುತ್ತೇನೆ, ಅಂಗಡಿಯಲ್ಲಿ ದುಡಿದದ್ದರಲ್ಲಿ ಆದಷ್ಟನ್ನು ದೇವರ ಗೂಡಿನಲ್ಲಿಟ್ಟು ಬರುತ್ತೇನೆ. ಆ ವಿಷಯ ಎತ್ತುವುದಿಲ್ಲ. ಹೊರಡುವ ಹೊತ್ತಿಗೆ ಅತ್ತಿಗೆಯೇ ಆ ಮಾತನ್ನು ಹೇಳುತ್ತಾರೆ. ಹೇಳುತ್ತಾರೆ, ಬಿಕ್ಕಳಿಸುತ್ತಾರೆ, ನಾನು ನೀರು ಕೊಡುತ್ತೇನೆ.

ನಿನ್ನೆಯೂ ಹೋಗಿದ್ದೆ. ಅತ್ತಿಗೆ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಮಕ್ಕಳು ಮಗ್ಗಿ ಒಪ್ಪಿಸುವ ಮುಂಚೆ ನಿಲ್ಲುವಂತೆ ನೆಟ್ಟಗೆ ನಿಂತರು. “ನಿನ್ ಮೇಲೆ ನಂಗೇನೂ ಬೇಜಾರಿಲ್ಲ” ಎಂದು ನಿಧಾನವಾಗಿ ಹೇಳಿ, ಉಸಿರು ಬಿಗಿಹಿಡಿದು ಕಾದರು. ನಾನೂ ಕಾದೆ. ಒಲೆಯ ಮೇಲಿನ ಸಾರು ಕುದಿಯುವುದು ಕೇಳಿಸುತ್ತಿತ್ತು. ಆಮೇಲೆ ಒಂದೇ ಒಂದು, ಸಣ್ಣದು, ಬಂತು.

ನಾನು ಲೋಟಕ್ಕೆ ಕೈ ಹಾಕಿದೆ. ಗೋಡೆಯ ಕಡೆ ತಿರುಗುವುದರೊಳಗೆ ಅತ್ತಿಗೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಅವರ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದರು.

“ಇನ್ನೂ ಹೋಗಿಲ್ಲ ಕಣೋ ಪಂಚಾಕ್ಷರಿ” ಎಂದರು. “ಬರೋ ಸೋಮವಾರ ಬಾ. ಇನ್ನೊಂದ್ ಸಲ ಹೇಳಿ ನೋಡ್ತೀನಿ.”

ನಾನು ಲೋಟ ತೊಳೆದು ಬೋರಲು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.